ಹೊಸ್ತಿಲ ಕಣ್ಣು, ಒಳಮನೆಯ ಕಣ್ಣು

ಕಣ್ಗಾವಲಿನ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ ಅವರು 1791ರಲ್ಲಿ ಪ್ರಕಟಿಸಿದ ಸೆರೆಮನೆಯ ಯೋಜನೆಯಿಂದ ಆರಂಭಿಸುತ್ತಾರೆ. ನಡುವೆ ಕಾವಲುಗಾರನ ಗೋಪುರ, ಸುತ್ತಲೂ ಕೈದಿಗಳ ಕೋಣೆಗಳು. ಗೋಪುರದೊಳಗೆ ಆಳು ಇದ್ದಾನೋ ಇಲ್ಲವೋ ಎಂಬುದು ಹೊರಗಿನಿಂದ ಕಾಣದಿರುವುದರಿಂದ, ಯಾರೋ ತನ್ನನ್ನು ಸದಾ ನೋಡುತ್ತಿದ್ದಾರೆ ಎಂದುಕೊಂಡೇ ಕೈದಿ ನಡೆದುಕೊಳ್ಳುತ್ತಾನೆ ಎಂಬುದು ಆ ಯೋಜನೆಯ ಲೆಕ್ಕಾಚಾರ. ಕಾರ್ಖಾನೆ, ಶಾಲೆ, ಬೀದಿಗಳ ಮಟ್ಟಿಗೆ ಈ ವಂಶಾವಳಿ ಒಪ್ಪುವಂಥದೇ ಆದರೂ ಮನೆಯ ಮಟ್ಟಿಗೆ ಅದು ದಾರಿ ತಪ್ಪಿಸುತ್ತದೆ. ಸೆರೆಮನೆಯ ಕಣ್ಣನ್ನು ಆಳುವವರು ಇಟ್ಟರು. ಮನೆಯ ಕಣ್ಣನ್ನಾದರೋ ಮನೆಯವರೇ, ಭಯದಿಂದ, ತಮ್ಮ ಬಾಗಿಲಿಗೆ ತಾವೇ ಇಟ್ಟುಕೊಂಡರು. ಹೊರಗೆ ನೋಡಲೆಂದು ಹೊಸ್ತಿಲಿನಲ್ಲಿ ಇಟ್ಟ ಆ ಕಣ್ಣು ಅರ್ಧ ಶತಮಾನದೊಳಗೆ ಒಳಮನೆಯತ್ತ ತಿರುಗಿದ ಬಗೆಯನ್ನು ತಂತ್ರಜ್ಞಾನದ ಚರಿತ್ರೆಗಿಂತ ಸ್ಪಷ್ಟವಾಗಿ ದಾಖಲಿಸಿರುವುದು ಪ್ರತಿಷ್ಠಾಪನಾ ಕಲೆಯ ಚರಿತ್ರೆ. ಗೋಡೆಗೆ ತೂಗುಹಾಕುವ ಚಿತ್ರವಾಗಲಿ ಪೀಠದ ಮೇಲಿನ ಶಿಲ್ಪವಾಗಲಿ ಆಗದೆ, ನೋಡುಗನು ಒಳಹೊಕ್ಕು ನಡೆದಾಡುವ ಒಂದು ಎಡೆಯನ್ನೇ ಕೃತಿಯಾಗಿ ಕಟ್ಟುವುದನ್ನು ಪ್ರತಿಷ್ಠಾಪನಾ ಕಲೆ ಎನ್ನುತ್ತಾರೆ. ಹಾಗೆ ಹೊಕ್ಕವನ ಇರವಿಗೆ, ನಡೆಗೆ, ಮಾತಿಗೆ ಕೃತಿಯು ತಾನೇ ಮಾರ್ಪಟ್ಟು ಉತ್ತರಿಸಿದರೆ ಅದು ಸ್ಪಂದಿಸುವ ಪ್ರತಿಷ್ಠಾಪನೆ ಎನಿಸುತ್ತದೆ.

ಹೊಸ್ತಿಲ ಕಣ್ಣಿನ ಮೊದಲ ವಿವರವಾದ ದಾಖಲೆ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ನರ್ಸ್ ಒಬ್ಬರ ಹೆಸರಿನಲ್ಲಿದೆ. ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ಆ ಕಪ್ಪು ಮಹಿಳೆಯ ಕೆಲಸದ ವೇಳೆ ಗೊತ್ತಾದ ಹೊತ್ತಿನದಾಗಿರಲಿಲ್ಲ. ಎಲೆಕ್ಟ್ರಾನಿಕ್ಸ್ ತಂತ್ರಜ್ಞರಾಗಿದ್ದ ಪತಿ ಆಲ್ಬರ್ಟ್ ಬ್ರೌನ್ ಅವರೂ ಅನೇಕ ರಾತ್ರಿ ಮನೆಯಲ್ಲಿರುತ್ತಿರಲಿಲ್ಲ. ಬಡಾವಣೆಯಲ್ಲಿ ಅಪರಾಧ ಹೆಚ್ಚಿತ್ತು, ಕರೆದರೆ ಪೊಲೀಸರು ಬರುವುದು ತಡವಾಗುತ್ತಿತ್ತು. ದಂಪತಿಗಳು 1966ರ ಆಗಸ್ಟ್‌ನಲ್ಲಿ ಸಲ್ಲಿಸಿದ ಅರ್ಜಿಗೆ 1969ರ ಡಿಸೆಂಬರ್ 2ರಂದು ಪೇಟೆಂಟ್ ದೊರೆಯಿತು. ಬಾಗಿಲಿನಲ್ಲಿ ಒಂದರ ಕೆಳಗೊಂದು ನಾಲ್ಕು ಇಣುಕುಗಂಡಿಗಳು, ಅವುಗಳ ಹಿಂದೆ ಮೇಲಕ್ಕೂ ಕೆಳಕ್ಕೂ ಜಾರುವ ಕ್ಯಾಮೆರಾ: ಎತ್ತರದವನು ಬಂದರೂ ಮಗು ಬಂದು ನಿಂತರೂ ಮುಖ ಕಾಣುವಂತೆ. ಚಿತ್ರ ಮೂಡುವ ಪರದೆ ಮಲಗುವ ಕೋಣೆಯಲ್ಲಿ. ಹೊರಗಿನವರೊಡನೆ ಮಾತಾಡಲು ಮೈಕು. ಹಾಸಿಗೆಯಿಂದಲೇ ಬಾಗಿಲು ತೆರೆಯಲು ಒಂದು ಗುಂಡಿ, ಸಹಾಯಕ್ಕಾಗಿ ಎಚ್ಚರಿಕೆ ಕೊಡಲು ಇನ್ನೊಂದು. ಇಂದಿನ ಸ್ಮಾರ್ಟ್ ಡೋರ್‌ಬೆಲ್‌ನಲ್ಲಿ ಇರುವ ಬಹುಪಾಲು ಅಂಗಗಳು ಈ ನಕ್ಷೆಯಲ್ಲಿ ಆಗಲೇ ಇದ್ದವು. ಇಲ್ಲದಿದ್ದದ್ದು ಒಂದೇ: ಮನೆಯವಳು ತಾನೇ ಆ ಚಿತ್ರದೊಳಗೆ ಬೀಳುವ ಸಂದರ್ಭ. ಕ್ಯಾಮೆರಾದ ಮುಖ ಹೊರಗಿತ್ತು, ಪರದೆಯ ಮುಖ ಒಳಗಿತ್ತು, ಚಿತ್ರದ ದಾರಿ ಬಾಗಿಲಿನಿಂದ ಹಾಸಿಗೆಯವರೆಗಿತ್ತು. ರಾತ್ರಿ ಮನೆಯಲ್ಲಿ ಒಂಟಿಯಾಗಿರುತ್ತಿದ್ದ ಹೆಣ್ಣೊಬ್ಬಳು ತನ್ನ ರಕ್ಷಣೆಗೆಂದು ಆಲೋಚಿಸಿ ರೂಪಿಸಿದ ಈ ಏರ್ಪಾಡಿನ ಮರ್ಯಾದೆಯನ್ನು ಮರೆತು, ಮನೆಯ ಕ್ಯಾಮೆರಾಗಳೆಲ್ಲ ಒಂದೇ ಬಗೆಯವು ಎಂದು ಖಂಡಿಸುವುದು ನ್ಯಾಯವಲ್ಲ.

ಬ್ರೌನ್ ಅವರ ಅರ್ಜಿ ಪರಿಶೀಲನೆಯಲ್ಲಿದ್ದ ವರ್ಷಗಳಲ್ಲೇ ಕಲಾವಿದರ ಕೈಗೂ ಅದೇ ಉಪಕರಣ ಬಂದಿತ್ತು. ಕ್ಯಾಮೆರಾ ಹಿಡಿದ ಚಿತ್ರವನ್ನು ಪ್ರಸಾರ ಮಾಡದೆ, ತಂತಿಯ ಮೂಲಕ ಗೊತ್ತಾದ ಪರದೆಗಷ್ಟೇ ಕಳುಹಿಸುವ ವ್ಯವಸ್ಥೆ, ಅಂದರೆ ಇಂದು ಎಲ್ಲರ ಬಾಯಲ್ಲೂ ಸಿಸಿಟಿವಿ ಆಗಿರುವ ಕ್ಲೋಸ್ಡ್ ಸರ್ಕ್ಯೂಟ್ ಟೆಲಿವಿಷನ್, ಮೊದಲು ಯುದ್ಧಕಾಲದ ಜರ್ಮನಿಯಲ್ಲಿ ಪೀನೆಮುಂಡೆಯ ರಾಕೆಟ್ ಉಡಾವಣೆಗಳನ್ನು ದೂರದಿಂದ ಗಮನಿಸಲು ಬಳಕೆಯಾದದ್ದು. 1967ರಲ್ಲಿ ಸೋನಿ ಸಂಸ್ಥೆ ಪೋರ್ಟಾಪ್ಯಾಕ್ ಎಂಬ ಹೆಗಲಿಗೇರಿಸಬಹುದಾದ ವಿಡಿಯೊ ಉಪಕರಣವನ್ನು ಮಾರುಕಟ್ಟೆಗೆ ತಂದ ಮೇಲೆ ಟೆಲಿವಿಷನ್ ಕೇಂದ್ರಗಳ ಹೊರಗಿನವರೂ ವಿಡಿಯೊ ಚಿತ್ರಿಸುವುದು ಸಾಧ್ಯವಾಯಿತು. 1968ರಲ್ಲಿ ಲೆಸ್ ಲೆವಿನ್ ಅವರು ಮೂರು ಕ್ಯಾಮೆರಾ ಮತ್ತು ಆರು ಪರದೆಗಳನ್ನು ಒಂದೇ ಚೌಕಟ್ಟಿನಲ್ಲಿ ಕೂರಿಸಿ, ಎದುರು ನಿಂತವನಿಗೆ ಅವನದೇ ರೂಪವನ್ನು ಹತ್ತಿರದಿಂದಲೂ ದೂರದಿಂದಲೂ ತೋರಿಸುವ ‘ಐರಿಸ್’ ಕೃತಿಯನ್ನು ಕಟ್ಟಿದರು. ಮರುವರ್ಷ ನ್ಯೂಯಾರ್ಕ್‌ನ ಹಾವರ್ಡ್ ವೈಸ್ ಗ್ಯಾಲರಿಯಲ್ಲಿ ಫ್ರಾಂಕ್ ಜಿಲೆಟ್ ಮತ್ತು ಇರಾ ಶ್ನೈಡರ್ ಅವರು ಒಂಬತ್ತು ಪರದೆಗಳ ‘ವೈಪ್ ಸೈಕಲ್’ ಅನ್ನು ಇಟ್ಟರು. ಒಳಬಂದವನು ತನ್ನನ್ನು ಈ ಕ್ಷಣದಲ್ಲಿ, ಎಂಟು ಸೆಕೆಂಡು ಹಿಂದೆ, ಹದಿನಾರು ಸೆಕೆಂಡು ಹಿಂದೆ, ಹೀಗೆ ಟಿವಿ ಕಾರ್ಯಕ್ರಮಗಳ ತುಣುಕುಗಳ ನಡುವೆ ಕಂಡುಕೊಳ್ಳುತ್ತಿದ್ದ. ಈ ಕೃತಿಗಳಲ್ಲಿ ಕಣ್ಗಾವಲಿನ ಅಂಜಿಕೆಗಿಂತ ತನ್ನನ್ನು ಪರದೆಯಲ್ಲಿ ಕಂಡ ಬೆರಗೇ ಹೆಚ್ಚು.

ಬೆರಗು ಕಳೆದು ಅಂಜಿಕೆ ಮೂಡಿದ ಕೃತಿಯನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು. ಬ್ರೂಸ್ ನೌಮನ್ ಅವರು 1970ರಲ್ಲಿ ರಚಿಸಿದ, ಈಗ ನ್ಯೂಯಾರ್ಕ್‌ನ ಗುಗೆನ್‌ಹೈಮ್ ಸಂಗ್ರಹದಲ್ಲಿರುವ ‘ಲೈವ್-ಟೇಪ್ಡ್ ವಿಡಿಯೊ ಕಾರಿಡಾರ್’ ಎಂಬುದು ಎದುರುಬದುರಾದ ಎರಡು ಗೋಡೆಗಳ ನಡುವಿನ ಒಂದು ಓಣಿಯಷ್ಟೇ. ಉದ್ದ ಸುಮಾರು 32 ಅಡಿ, ಅಗಲ 20 ಅಂಗುಲ. ಒಬ್ಬರು ಮೈ ಕಿರಿದು ಮಾಡಿಕೊಂಡು ನಡೆಯಬಹುದು, ಇಬ್ಬರು ಹಾಯುವಂತಿಲ್ಲ. ಕೊನೆಯಲ್ಲಿ ನೆಲದ ಮೇಲೆ ಒಂದರ ಮೇಲೊಂದು ಎರಡು ಟಿವಿಗಳು. ಹೊಕ್ಕವನು ಅವುಗಳತ್ತ ನಡೆದಂತೆ ಮೇಲಿನ ಪರದೆಯಲ್ಲಿ ಒಂದು ಆಕೃತಿ ಕಾಣುತ್ತದೆ. ಅದು ತನ್ನದೇ ಬೆನ್ನು ಎಂದು ಅರಿವಾಗಲು ಎರಡು ಹೆಜ್ಜೆ ಬೇಕು. ಕ್ಯಾಮೆರಾ ಹಿಂದೆ, ಓಣಿಯ ಬಾಯಿಯ ಮೇಲ್ಭಾಗದಲ್ಲಿದೆ. ಆದ್ದರಿಂದ ಪರದೆಗೆ ಹತ್ತಿರವಾದಷ್ಟೂ ಕ್ಯಾಮೆರಾದಿಂದ ದೂರವಾಗಬೇಕು. ತನ್ನನ್ನು ಸರಿಯಾಗಿ ನೋಡಿಕೊಳ್ಳಲು ಮುಂದೆ ಹೋದಷ್ಟೂ ಪರದೆಯ ಆಕೃತಿ ಚಿಕ್ಕದಾಗುತ್ತ ಹೋಗುತ್ತದೆ. ಮುಖ ಕಾಣಬೇಕೆಂದು ಹಿಂದಿರುಗಿದರೆ ಪರದೆಯೇ ಬೆನ್ನ ಹಿಂದಾಗುತ್ತದೆ. ಕೆಳಗಿನ ಪರದೆಯಲ್ಲಿ ಇದೇ ಓಣಿಯ ಚಿತ್ರವಿದೆ, ಆದರೆ ಅದು ಮೊದಲೇ ಮುದ್ರಿಸಿಟ್ಟದ್ದು. ಅದರಲ್ಲಿ ಯಾರೂ ಇಲ್ಲ. ಎಷ್ಟು ಕೈ ಬೀಸಿದರೂ ಅಲ್ಲಿ ಓಣಿ ಖಾಲಿಯೇ ಇರುತ್ತದೆ.

ಈ ಕೆಳಗಿನ ಪರದೆಯನ್ನು ವಿಮರ್ಶಕರು ಬಹುಮಟ್ಟಿಗೆ ಅಸ್ತಿತ್ವದ ತಳಮಳದ ಸಂಕೇತವಾಗಿ ವಿವರಿಸುತ್ತ ಬಂದಿದ್ದಾರೆ. ಆದರೆ ಮುಂದಿನ ಐವತ್ತು ವರ್ಷಗಳ ಯಂತ್ರಗಳನ್ನು ಬಲ್ಲವರಿಗೆ ಅದರಲ್ಲಿ ಇನ್ನೂ ನಿಖರವಾದ ಒಂದು ಅರ್ಥ ಕಾಣಬೇಕು. ಕಂಪ್ಯೂಟರಿಗೆ ಕ್ಯಾಮೆರಾದ ಮೂಲಕ ಮನುಷ್ಯನನ್ನು ಗುರುತಿಸಲು ಕಲಿಸಿದ ಅತ್ಯಂತ ಸರಳ ವಿಧಾನಕ್ಕೆ ಹಿನ್ನೆಲೆ ಕಳೆಯುವಿಕೆ ಎಂದು ಹೆಸರು. ಯಾರೂ ಇಲ್ಲದ ಕೋಣೆಯ ಚಿತ್ರವೊಂದನ್ನು ಮೊದಲು ತೆಗೆದಿಟ್ಟುಕೊಂಡು, ಈ ಕ್ಷಣದ ಚಿತ್ರದಿಂದ ಅದನ್ನು ಚುಕ್ಕಿ ಚುಕ್ಕಿಯಾಗಿ ಕಳೆದರೆ ಗೋಡೆ, ಕಿಟಕಿ, ಮೇಜು ಎಲ್ಲವೂ ಸೊನ್ನೆಯಾಗುತ್ತವೆ. ಉಳಿಯುವ ಶೇಷವೇ ಒಳಗೆ ಬಂದಿರುವವನು. ನೌಮನ್ ಅವರ ಎರಡು ಪರದೆಗಳು ಈ ಲೆಕ್ಕದ ಎರಡು ಸಾಲುಗಳು. ಮೇಲಿನದರಿಂದ ಕೆಳಗಿನದನ್ನು ಕಳೆಯುವ ಕೆಲಸವನ್ನು ಅವರು ನೋಡುಗನ ಮನಸ್ಸಿಗೆ ಬಿಟ್ಟರು, ಮುಂದಿನವರು ಯಂತ್ರಕ್ಕೆ ಬಿಟ್ಟರು. ಯಂತ್ರದ ದೃಷ್ಟಿಯಲ್ಲಿ ಸರಿಯಾದ ಮನೆ ಎಂದರೆ ಖಾಲಿ ಮನೆ. ಅದರಲ್ಲಿ ಬಾಳುವವರು ಆ ಸರಿಯಿಂದ ಆದ ವ್ಯತ್ಯಾಸ ಮಾತ್ರ. ಇಂದು ಮೆಟ್ಟಿಲಿಗೂ ಶೌಚಾಲಯಕ್ಕೂ ಅಳವಡಿಸುವ ಅಗ್ಗದ ಚಲನೆಯ ಸೆನ್ಸರ್ ಸಹ ಮೈಶಾಖದ ವ್ಯತ್ಯಾಸವನ್ನಷ್ಟೇ ಅರಿಯುತ್ತದೆ. ಅಲುಗಾಡದೆ ಓದುತ್ತ ಕುಳಿತವನ ಮೇಲೆ ದೀಪ ಆರಿಹೋಗುವುದೂ, ಅವನು ಕೈಯೆತ್ತಿ ಆಡಿಸಿ ತಾನಿದ್ದೇನೆಂದು ತಿಳಿಸಬೇಕಾಗುವುದೂ ಇದೇ ಕಾರಣಕ್ಕೆ.

ಡಾನ್ ಗ್ರಹಾಮ್ ಅವರ 1974ರ ‘ಪ್ರೆಸೆಂಟ್ ಕಂಟಿನ್ಯುಯಸ್ ಪಾಸ್ಟ್ಸ್’ ಕನ್ನಡಿಯ ಗೋಡೆಗಳನ್ನು ಎಂಟು ಸೆಕೆಂಡು ತಡವಾಗಿ ಮೂಡುವ ವಿಡಿಯೊಗೆ ಎದುರಾಗಿಟ್ಟ ಪ್ರಸಿದ್ಧ ಕೃತಿಯಾದರೂ, ಮನೆಯ ವಿಷಯದಲ್ಲಿ ಅವರ ಮಹತ್ವದ ಆಲೋಚನೆ ಕಟ್ಟಡವಾಗದೆ ಮಾದರಿಯಾಗಿಯೇ ಉಳಿದ 1978ರ ‘ಆಲ್ಟರೇಶನ್ ಟು ಎ ಸಬರ್ಬನ್ ಹೌಸ್’. ಅಮೆರಿಕದ ಬಡಾವಣೆಯ ಸಾಧಾರಣ ಮನೆಯೊಂದರ ಮುಂಗೋಡೆಯನ್ನು ಪೂರ್ತಿ ತೆಗೆದು ಗಾಜು ಕೂರಿಸುವುದು, ಮನೆಯ ನಡುವೆ ಅಡ್ಡಲಾಗಿ ಒಂದು ಕನ್ನಡಿ ಗೋಡೆ ನಿಲ್ಲಿಸುವುದು: ಬೀದಿಯವರಿಗೆ ಮನೆಯ ಮುಂಭಾಗವೆಲ್ಲ ತೆರೆದಿರುತ್ತದೆ, ಆದರೆ ಕನ್ನಡಿಯಲ್ಲಿ ಅವರು ನೋಡುವುದು ಬೀದಿಯನ್ನೂ ತಮ್ಮನ್ನೂ. ಇಣುಕುವವನಿಗೆ ಅವನ ಇಣುಕನ್ನೇ ಹಿಂದಿರುಗಿಸುವ ಈ ಉಪಾಯ ಮುಂದಿನ ಅನೇಕ ಕಲಾವಿದರ ಕೈಪಿಡಿಯಾಯಿತು.

ಇದೇ ಕಾಲದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಆವರಣದಲ್ಲಿ ಬೇರೊಂದು ಹಾದಿ ತೆರೆಯಿತು. ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಯಾಗಿದ್ದ ಮೈರನ್ ಕ್ರೂಗರ್ ಅವರು 1969ರಲ್ಲಿ ಸಂಗಡಿಗರೊಡನೆ ಕಟ್ಟಿದ ‘ಗ್ಲೋಫ್ಲೋ’ ಎಂಬ ಕತ್ತಲ ಕೋಣೆಯ ನೆಲದಲ್ಲಿ ಒತ್ತಡವನ್ನು ಅರಿಯುವ ಹಲಗೆಗಳಿದ್ದವು; ಯಾರಾದರೂ ತುಳಿದರೆ ಗೋಡೆಯ ಕೊಳವೆಗಳ ದ್ರವ ಬೆಳಗುತ್ತಿತ್ತು, ಶಬ್ದ ಹೊಮ್ಮುತ್ತಿತ್ತು. 1971ರ ‘ಸೈಕಿಕ್ ಸ್ಪೇಸ್’ನಲ್ಲಿ ಇಡೀ ನೆಲವೇ ಹೆಜ್ಜೆಗಳನ್ನು ಓದಿ ಕಂಪ್ಯೂಟರಿಗೆ ಒಪ್ಪಿಸುವ ಹಾಳೆಯಾಯಿತು. ಆಮೇಲಿನ ‘ವಿಡಿಯೊಪ್ಲೇಸ್’ನಲ್ಲಿ ಬೆಳಕಿನ ಪರದೆಯ ಮುಂದೆ ನಿಂತವನ ನೆರಳಾಕೃತಿಯನ್ನು ಕ್ಯಾಮೆರಾ ಹಿಡಿಯುತ್ತಿತ್ತು, ಆ ಆಕೃತಿ ಬೇರೆ ಕೋಣೆಯಲ್ಲಿದ್ದವರ ಆಕೃತಿಯೊಡನೆ ಆಟವಾಡುತ್ತಿತ್ತು. ಇವನ್ನೆಲ್ಲ ಕ್ರೂಗರ್ ಸ್ಪಂದಿಸುವ ಪರಿಸರ ಎಂದು ಕರೆದರು. ನೌಮನ್ ಅವರ ಓಣಿ ನೋಡುಗನಿಂದ ಏನನ್ನೂ ಸ್ವೀಕರಿಸದೆ ಅವನನ್ನು ಕಾಡಿಸಿದರೆ, ಕ್ರೂಗರ್ ಅವರ ಕೋಣೆ ಅವನನ್ನು ಅಳೆದು, ಅಳೆದದ್ದಕ್ಕೆ ಪ್ರತಿಯಾಗಿ ಸಂತೋಷ ಕೊಟ್ಟಿತು. ಇಂದಿನ ಸ್ಮಾರ್ಟ್ ಹೋಮ್ ವ್ಯಾಪಾರದ ಆಧಾರವೂ ಈ ಕೊಡು-ಕೊಳ್ಳುವಿಕೆಯೇ ಆಗಿರುವುದರಿಂದ, ಎರಡು ಪರಂಪರೆಗಳಲ್ಲಿ ಕ್ರೂಗರ್ ಅವರದೇ ಹೆಚ್ಚು ದೂರಗಾಮಿ ಎನ್ನಬೇಕಾಗುತ್ತದೆ.

ಈ ಎರಡೂ ಹಾದಿಗಳನ್ನು ಮನೆಯೊಳಕ್ಕೆ ತಂದು ಕೂಡಿಸಿದವರು ಸ್ಯಾನ್ ಫ್ರಾನ್ಸಿಸ್ಕೊದ ಲಿನ್ ಹರ್ಷ್‌ಮನ್ ಲೀಸನ್. 1979ರಿಂದ 1984ರ ಅವಧಿಯಲ್ಲಿ ರೂಪುಗೊಂಡ ಅವರ ‘ಲೋರ್ನಾ’ ಲೇಸರ್ ಡಿಸ್ಕ್ ಬಳಸಿದ ಮೊದಲ ಸಂವಾದಾತ್ಮಕ ಕಲಾಕೃತಿ ಎಂದು ಹೆಸರಾಗಿದೆ. ಹೊರಜಗತ್ತಿಗೆ ಹೆದರಿ ಒಂದೇ ಕೋಣೆಯ ಮನೆಯಲ್ಲಿ ಟಿವಿ ನೋಡುತ್ತ ಉಳಿದುಬಿಟ್ಟಿರುವ ಹೆಂಗಸು ಅದರ ಪಾತ್ರ. ಗ್ಯಾಲರಿಯಲ್ಲಿ ಅವಳ ಕೋಣೆಯನ್ನೇ ಹೋಲುವಂತೆ ಪೀಠೋಪಕರಣ ಜೋಡಿಸಿ, ಬಂದವನ ಕೈಗೆ ರಿಮೋಟ್ ಕೊಡಲಾಗುತ್ತಿತ್ತು. ಪರದೆಯ ಮೇಲಿನ ವಸ್ತುಗಳಿಗೆಲ್ಲ ಅಂಕಿಗಳಿದ್ದು, ಅಂಕಿಯನ್ನೊತ್ತಿದರೆ ಆ ವಸ್ತುವಿನ ಮೂಲಕ ಲೋರ್ನಾಳ ಬದುಕಿನ ಒಂದು ತುಣುಕು ತೆರೆದುಕೊಳ್ಳುತ್ತಿತ್ತು. ಕಥೆಗೆ ಮೂರು ಮುಕ್ತಾಯಗಳು: ಅವಳು ಟಿವಿಗೆ ಗುಂಡು ಹೊಡೆಯಬಹುದು, ತನ್ನ ಪ್ರಾಣ ಕಳೆದುಕೊಳ್ಳಬಹುದು, ಇಲ್ಲವೆ ಲಾಸ್ ಏಂಜಲೀಸ್‌ಗೆ ಹೊರಟುಹೋಗಬಹುದು. ಅವಳನ್ನು ಮನೆಯಲ್ಲಿ ಕೂರಿಸಿರುವುದು ಯಾವ ಪೆಟ್ಟಿಗೆಯೋ ಅದೇ ಪೆಟ್ಟಿಗೆಯ ಎದುರು, ಅದೇ ಬಗೆಯ ಕುರ್ಚಿಯಲ್ಲಿ ಕುಳಿತು ಅವಳ ಹಣೆಬರಹವನ್ನು ನಿರ್ಧರಿಸುವವನು ನೋಡುಗ ಎಂಬಲ್ಲಿ ಕೃತಿಯ ಕಟುತನವಿದೆ. 1990ರ ದಶಕದ ಆರಂಭದ ಅವರ ‘ರೂಮ್ ಆಫ್ ಒನ್ಸ್ ಓನ್’ನಲ್ಲಿ ನೋಡುಗನು ಇಣುಕುಗೊಳವೆಗೆ ಕಣ್ಣಿಟ್ಟು ಪುಟ್ಟ ಮಲಗುವ ಕೋಣೆಯೊಂದನ್ನು ನೋಡಬೇಕು, ಕಣ್ಣು ತಿರುಗಿದತ್ತ ದೃಶ್ಯ ಬದಲಾಗುತ್ತದೆ, ಒಳಗಿನ ಹೆಂಗಸು ಹಾಗೇಕೆ ನೋಡುತ್ತಿದ್ದೀಯೆಂದು ಕೇಳುತ್ತಾಳೆ, ಕೋಣೆಯೊಳಗಿನ ಚಿಕ್ಕ ಟಿವಿಯಲ್ಲಿ ನೋಡುಗನ ಕಣ್ಣೇ ಮೂಡಿ ಮಿಟುಕುತ್ತದೆ. ಬ್ರೌನ್ ಅವರ ಇಣುಕುಗಂಡಿ ಇಲ್ಲಿ ಪೂರ್ತಿ ತಿರುವುಮುರುವಾಗಿದೆ.

ಜೂಲಿಯಾ ಶೆರ್ ಅವರು ಭದ್ರತಾ ಉಪಕರಣಗಳನ್ನು ಅಳವಡಿಸುವ ವೃತ್ತಿಯನ್ನು ಒಳಗಿನಿಂದ ಬಲ್ಲವರು. 1988ರಿಂದ ಅವರು ಮುಂದುವರಿಸಿದ ‘ಸೆಕ್ಯುರಿಟಿ ಬೈ ಜೂಲಿಯಾ’ ಸರಣಿಯಲ್ಲಿ ಗ್ಯಾಲರಿಯ ಕಾವಲುಗಾರರಿಗೆ ಗುಲಾಬಿ ಸಮವಸ್ತ್ರ ತೊಡಿಸಿ, ಮೃದು ದನಿಯ ಪ್ರಕಟಣೆಗಳನ್ನು ಕೇಳಿಸಿ, ಕಣ್ಗಾವಲು ಎಂಬುದು ಅಕ್ಕರೆಯ ವೇಷದಲ್ಲಿ ಬರುತ್ತದೆ ಎಂಬುದನ್ನು ತೋರಿಸಿದರು. ಕ್ಯಾಮೆರಾಗಳೂ ಪರದೆಗಳೂ ಸುತ್ತುವರಿದ ಹಾಸಿಗೆಗಳನ್ನೂ ಅವರು ರಚಿಸಿದ್ದಾರೆ. ಜರ್ಮನಿಯ ಕಾರ್ಲ್ಸ್‌ರೂಹೆಯ ಝಡ್‌ಕೆಎಂ ಸಂಗ್ರಹಾಲಯವು ಈ ಬಗೆಯ ಕೃತಿಗಳನ್ನೆಲ್ಲ ಒಟ್ಟುಗೂಡಿಸಿದ ‘ಕಂಟ್ರೋಲ್ ಸ್ಪೇಸ್’ ಪ್ರದರ್ಶನವನ್ನು ತೆರೆದದ್ದು 2001ರ ಅಕ್ಟೋಬರ್‌ನಲ್ಲಿ, ನ್ಯೂಯಾರ್ಕ್‌ನ ಅವಳಿ ಗೋಪುರಗಳು ಉರುಳಿದ ಮರುತಿಂಗಳು. 2004ರಲ್ಲಿ ಜಿಲ್ ಮ್ಯಾಗಿಡ್ ಅವರು ಲಿವರ್‌ಪೂಲ್ ನಗರದ ಬೀದಿ ಕ್ಯಾಮೆರಾಗಳ ಕೆಳಗೆ 31 ದಿನ ಕೆಂಪು ಕೋಟು ತೊಟ್ಟು ಓಡಾಡಿ, ಆ ದೃಶ್ಯಗಳನ್ನು ಕೇಳುವ ಅಧಿಕೃತ ಅರ್ಜಿಗಳನ್ನು ಪ್ರೇಮಪತ್ರದ ಧಾಟಿಯಲ್ಲಿ ಬರೆದರು. ಕ್ಯಾಮೆರಾದ ಹಿಂದೆ ಒಬ್ಬ ಮನುಷ್ಯ ಕುಳಿತಿದ್ದಾನೆ, ಅವನೊಡನೆ ನಂಟು ಬೆಳೆಸಬಹುದು ಎಂಬುದನ್ನು ಈ ಕೃತಿ ಮುಂದಿಟ್ಟಿತು.

ಅಷ್ಟು ಹೊತ್ತಿಗೆ ಮನೆಯೂ ಬದಲಾಗುತ್ತಿತ್ತು. ದೀಪ, ಬೀಗ, ಫ್ಯಾನು, ಹೀಟರುಗಳನ್ನು ಪರಸ್ಪರ ಜೋಡಿಸಿ, ಮನೆಯವರ ರೂಢಿಗಳನ್ನು ಗಮನಿಸಿ ತಾನಾಗಿ ನಡೆದುಕೊಳ್ಳುವಂತೆ ಮಾಡಿದ ಮನೆಗೆ ಸ್ಮಾರ್ಟ್ ಹೋಮ್ ಎಂಬ ಹೆಸರು. 1975ರಲ್ಲಿ ಸ್ಕಾಟ್ಲೆಂಡಿನ ಪಿಕೊ ಎಲೆಕ್ಟ್ರಾನಿಕ್ಸ್ ಸಂಸ್ಥೆ ರೂಪಿಸಿದ ಎಕ್ಸ್-10 ವ್ಯವಸ್ಥೆಯು ಗೋಡೆಯೊಳಗಿನ ವಿದ್ಯುತ್ ತಂತಿಯಲ್ಲೇ ಆಜ್ಞೆಗಳನ್ನು ಸಾಗಿಸುತ್ತಿತ್ತು. ಅದು ಹೇಳಿದ್ದನ್ನು ಕೇಳುವ ಮನೆ, ನೋಡುವ ಮನೆಯಲ್ಲ. 1991ರಲ್ಲಿ ಝೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೊ ಸಂಶೋಧನಾಲಯದ ಮಾರ್ಕ್ ವೈಸರ್ ಅವರು ಕಂಪ್ಯೂಟರು ಪೆಟ್ಟಿಗೆಯಿಂದ ಹೊರಬಂದು ದಿನಬಳಕೆಯ ವಸ್ತುಗಳೊಳಗೆ ಕಣ್ಮರೆಯಾಗುವ ಕಾಲವನ್ನು ಬಣ್ಣಿಸಿದರು. ಕೊಲರಾಡೊದ ಬೋಲ್ಡರ್‌ನಲ್ಲಿ ಮೈಕೆಲ್ ಮೋಜರ್ ಅವರು ಹಳೆಯ ಶಾಲಾ ಕಟ್ಟಡವೊಂದನ್ನು ಮನೆಯಾಗಿಸಿ, ಸುಮಾರು 75 ಸೆನ್ಸರ್‌ಗಳನ್ನು ಅಳವಡಿಸಿ, ತಮ್ಮ ರೂಢಿಗಳನ್ನು ಮನೆಯೇ ಕಲಿತು ದೀಪ ಹಚ್ಚುವ ಪ್ರಯೋಗ ನಡೆಸಿದರು. ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯವು ಅಟ್ಲಾಂಟಾದಲ್ಲಿ ‘ಅವೇರ್ ಹೋಮ್’ ಎಂಬ, ಅಂದರೆ ಅರಿವುಳ್ಳ ಮನೆ ಎಂಬ ಹೆಸರಿನ ಮೂರಂತಸ್ತಿನ ಪ್ರಯೋಗಶಾಲೆಯನ್ನೇ ಕಟ್ಟಿತು. ಈ ಪ್ರಯೋಗಗಳಲ್ಲಿ ಗಮನಿಸುವವನು ಯಾರು, ದಾಖಲೆ ಎಲ್ಲಿರುತ್ತದೆ ಎಂಬುದು ಗೊತ್ತಿರುತ್ತಿತ್ತು. ತಾಪಮಾನವನ್ನು ತಾನೇ ಕಲಿತು ಹೊಂದಿಸುವ ನೆಸ್ಟ್ ಉಪಕರಣ 2011ರಲ್ಲಿ ಬಂದು, ಅದನ್ನು ತಯಾರಿಸಿದ ಸಂಸ್ಥೆಯನ್ನು 2014ರಲ್ಲಿ ಗೂಗಲ್ 320 ಕೋಟಿ ಡಾಲರಿಗೆ ಕೊಂಡದ್ದು, ಅದೇ ವರ್ಷ ಅಮೆಜಾನ್ ಸಂಸ್ಥೆ ಅಲೆಕ್ಸಾ ಎಂದು ಕರೆದರೆ ಉತ್ತರಿಸುವ ಎಕೋ ಸ್ಪೀಕರನ್ನು ಹೊರತಂದದ್ದು, ಇವುಗಳೊಂದಿಗೆ ಆ ಗೊತ್ತು ಅಳಿಯಿತು. ಬಾಗಿಲಿನಿಂದ ಹಾಸಿಗೆಯವರೆಗಿದ್ದ ದಾರಿ ಈಗ ದೂರದ ಸರ್ವರುಗಳವರೆಗೆ ಚಾಚಿಕೊಂಡಿತು.

ಕಲಾವಿದರ ಕೈಗೂ ಈ ನಡುವೆ ಅಗ್ಗದ ಸಲಕರಣೆಗಳು ಬಂದಿದ್ದವು. ಕಲಾವಿದರೂ ಬರೆಯಬಲ್ಲ ಪ್ರೋಗ್ರಾಮ್ ಭಾಷೆಯಾಗಿ 2001ರಲ್ಲಿ ಪ್ರೊಸೆಸಿಂಗ್, ಸೆನ್ಸರ್‌ಗಳನ್ನೂ ಮೋಟರುಗಳನ್ನೂ ಜೋಡಿಸಲು ಅಂಗೈಯಗಲದ ಆರ್ಡುಯಿನೊ ಫಲಕ 2005ರಲ್ಲಿ ಇಟಲಿಯ ಇವ್ರೆಯಾದಿಂದ, ಒಂದು ಕಾರ್ಡಿನಷ್ಟೇ ದೊಡ್ಡದಾದ ಪೂರ್ಣ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 2012ರಲ್ಲಿ ಬ್ರಿಟನ್ನಿನಿಂದ. ಕೈಲ್ ಮೆಕ್‌ಡೊನಾಲ್ಡ್ ಮತ್ತು ಬ್ರಿಯಾನ್ ಹೌಸ್ ಅವರು ಇದೇ ಪೈ, ಒಂದು ಮೈಕು, ಎಲ್‌ಇಡಿ ದೀಪ ಮತ್ತು ಪ್ಲಾಸ್ಟಿಕ್ ಹೂಕುಂಡವೊಂದನ್ನು ಕೂಡಿಸಿ, 100 ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ ‘ಕಾನ್ವರ್ಸ್‌ನಿಚ್’ ಎಂಬ ದೀಪವನ್ನು ತಯಾರಿಸಿದರು. ಸಾಧಾರಣ ಹೋಲ್ಡರಿಗೆ ತಿರುಗಿಸಿ ಕೂರಿಸಬಹುದಾದ ಆ ದೀಪ ಬೆಳಕು ಕೊಡುತ್ತಲೇ ಕೆಳಗಿನವರ ಮಾತನ್ನು ಕದ್ದು ಕೇಳಿ ಇಂಟರ್ನೆಟ್ಟಿಗೆ ಏರಿಸುತ್ತಿತ್ತು. ತುಣುಕು ಕೆಲಸಕ್ಕೆ ಚಿಲ್ಲರೆ ಕೂಲಿ ಪಡೆಯುವ ಅಪರಿಚಿತರು ಅದನ್ನು ಕೇಳಿ ಬರಹಕ್ಕಿಳಿಸುತ್ತಿದ್ದರು. ಬರಹ ಟ್ವಿಟರಿನಲ್ಲಿ ಪ್ರಕಟವಾಗುತ್ತಿತ್ತು. ಕದ್ದು ಕೇಳುವ ಯಂತ್ರದೊಳಗೆ ಕೂಲಿಗೆ ಕೇಳುವ ಮನುಷ್ಯನಿದ್ದಾನೆ ಎಂಬುದನ್ನು ಕೃತಿಯ ರಚನೆಯಲ್ಲೇ ಹೊಲಿದಿಟ್ಟದ್ದು ಅದರ ದೊಡ್ಡ ಗುಣ.

ಆ ಮನುಷ್ಯನನ್ನು ನೇಪಥ್ಯದಿಂದ ಮುಂದಕ್ಕೆ ಕರೆತಂದು, ಹೆಸರು ಕೊಟ್ಟು ನಿಲ್ಲಿಸಿದ ಕೃತಿ 2017ರ ‘ಲಾರೆನ್’. ಲಾರೆನ್ ಲೀ ಮೆಕಾರ್ತಿ ಅವರು ಕಲಾವಿದೆಯೂ ಹೌದು, ಪ್ರೊಸೆಸಿಂಗ್ ಭಾಷೆಯ ವಿಚಾರವನ್ನು ವೆಬ್ ಬ್ರೌಸರಿಗೆ ತಂದ ಪಿ5 ಜೆಎಸ್ ಎಂಬ ಮುಕ್ತ ತಂತ್ರಾಂಶವನ್ನು ಆರಂಭಿಸಿದವರೂ ಹೌದು. ಒಪ್ಪಿಕೊಂಡವರ ಮನೆಗೆ ಅವರು ಕ್ಯಾಮೆರಾ, ಮೈಕು, ಸ್ವಿಚ್ಚು, ಬಾಗಿಲ ಬೀಗ, ನಲ್ಲಿಗಳನ್ನು ನೆಟ್‌ವರ್ಕಿಗೆ ಜೋಡಿಸಿ ಹೊರಟುಹೋಗುತ್ತಾರೆ; ಬಳಿಕ ಹೆಚ್ಚೆಂದರೆ ಒಂದು ವಾರದವರೆಗೆ ಹಗಲು ರಾತ್ರಿ ದೂರದಿಂದ ಆ ಮನೆಯನ್ನು ನೋಡುತ್ತ, ಕೇಳುತ್ತ, ಅಲೆಕ್ಸಾಳ ಸ್ಥಾನದಲ್ಲಿ ತಾವೇ ನಿಂತು ಅದನ್ನು ನಡೆಸುತ್ತಾರೆ. ಕೃತಕ ಬುದ್ಧಿಮತ್ತೆಗಿಂತ ಚೆನ್ನಾಗಿ ಈ ಕೆಲಸ ಮಾಡುವುದು ತಮ್ಮ ಗುರಿ, ಏಕೆಂದರೆ ಮನುಷ್ಯರಾದ ತಾವು ಮನುಷ್ಯರ ಅಗತ್ಯವನ್ನು ಮುಂದಾಗಿ ಊಹಿಸಬಲ್ಲೆವು ಎಂಬುದು ಅವರ ನಿಲುವು. ಇಲ್ಲಿ ಖಾಲಿ ಕೋಣೆಯ ಚಿತ್ರದಿಂದ ಕಳೆಯುವ ಲೆಕ್ಕ ನಿಲ್ಲುತ್ತದೆ. ನೋಡುವವಳಿಗೆ ನಿದ್ದೆ ಬರುತ್ತದೆ, ಆಯಾಸವಾಗುತ್ತದೆ, ತಾನು ಕೊಟ್ಟ ಸಲಹೆ ಅವರಿಗೆ ಹಿಡಿಸಿತೋ ಇಲ್ಲವೋ ಎಂಬ ಚಿಂತೆ ಕಾಡುತ್ತದೆ. ನೋಡಿಸಿಕೊಳ್ಳುವವರಿಗೂ ಅವಳ ಮುಂದೆ ಸಂಕೋಚ, ಕೆಲವೊಮ್ಮೆ ಸಲುಗೆ, ಕೆಲವೊಮ್ಮೆ ತಮ್ಮಿಂದ ಅವಳಿಗೆ ತೊಂದರೆಯಾಯಿತೇ ಎಂಬ ದಾಕ್ಷಿಣ್ಯ. ಯಂತ್ರದ ಮುಂದೆ ಬಟ್ಟೆ ಬದಲಿಸಲು ಹಿಂಜರಿಯದವರು ಲಾರೆನ್ ಎದುರು ಹಿಂಜರಿಯುತ್ತಾರೆ ಎಂದಾದರೆ, ಆ ಹಿಂಜರಿಕೆ ಯಂತ್ರದ ಮುಂದೆ ಎಲ್ಲಿ ಹೋಗಿತ್ತು ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಬೇರಾವ ಕೃತಿಯೂ ಕೇಳಿರಲಿಲ್ಲ.

2019ರ ‘ಸಮ್‌ಒನ್’ನಲ್ಲಿ ಮೆಕಾರ್ತಿ ಅವರು ತಮ್ಮ ಕುರ್ಚಿಯನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಅಮೆರಿಕದ ಬೇರೆಬೇರೆ ಊರುಗಳ ನಾಲ್ಕು ಮನೆಗಳಲ್ಲಿ ಎರಡು ತಿಂಗಳ ಕಾಲ ಕ್ಯಾಮೆರಾ, ಮೈಕು, ದೀಪ ಮೊದಲಾದ ಉಪಕರಣಗಳಿದ್ದವು. ನ್ಯೂಯಾರ್ಕ್‌ನ 205 ಹಡ್ಸನ್ ಗ್ಯಾಲರಿಯಲ್ಲಿ ನಾಲ್ಕು ಲ್ಯಾಪ್‌ಟಾಪುಗಳಿದ್ದವು. ಮನೆಯವರು ಅಲೆಕ್ಸಾ ಎನ್ನುವ ಬದಲು ‘ಸಮ್‌ಒನ್’, ಅಂದರೆ ‘ಯಾರಾದರೂ’ ಎಂದು ಕರೆಯಬೇಕು, ಗ್ಯಾಲರಿಗೆ ಬಂದ ಯಾರಾದರೊಬ್ಬರು ಓಗೊಡಬೇಕು. ಹರ್ಷ್‌ಮನ್ ಲೀಸನ್ ಅವರ ನೋಡುಗನು ಕಲ್ಪಿತ ಲೋರ್ನಾಳ ಗುಂಡಿಗಳನ್ನೊತ್ತಿದ್ದರೆ, ಇಲ್ಲಿ ಒತ್ತಿದ ಗುಂಡಿಗೆ ನೂರಾರು ಮೈಲಿಯಾಚೆ ನಿಜವಾದ ಮನೆಯೊಂದರಲ್ಲಿ ದೀಪ ಹೊತ್ತುತ್ತಿತ್ತು. ಈ ಕೃತಿಗೆ 2020ರಲ್ಲಿ ಆಸ್ಟ್ರಿಯದ ಆರ್ಸ್ ಎಲೆಕ್ಟ್ರಾನಿಕಾ ಸಂಸ್ಥೆ ಸಂವಾದಾತ್ಮಕ ಕಲೆಯ ವಿಭಾಗದ ಗೋಲ್ಡನ್ ನಿಕಾ ಪ್ರಶಸ್ತಿಯನ್ನಿತ್ತಿತು.

ಯಂತ್ರದೊಳಗಿನ ಮನುಷ್ಯ ಕೇವಲ ಕಲಾವಿದರ ಊಹೆಯಾಗಿರಲಿಲ್ಲ. ಅಲೆಕ್ಸಾ ದಾಖಲಿಸಿಕೊಂಡ ಮಾತುಗಳ ಒಂದು ಪಾಲನ್ನು ಯಂತ್ರದ ತಿಳಿವನ್ನು ತಿದ್ದುವ ಸಲುವಾಗಿ ನೌಕರರು ಕೇಳಿ ಬರೆದುಕೊಳ್ಳುತ್ತಿದ್ದಾರೆ ಎಂಬುದನ್ನು 2019ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ವರದಿ ಮಾಡಿತು. ಹಾಗೆ ಕೇಳುವವರು ಇದ್ದ ದೇಶಗಳ ಪೈಕಿ ಭಾರತವೂ ಒಂದು. ಇದಕ್ಕೆ ತುಸು ಮೊದಲೇ, 2018ರಲ್ಲಿ, ಡೆನ್ಮಾರ್ಕಿನ ಬ್ಯೋರ್ನ್ ಕಾರ್ಮನ್ ಮತ್ತು ತೋರೆ ಕ್ನುಡ್ಸೆನ್ ಅವರು ಸ್ಪೀಕರಿನ ನೆತ್ತಿಯ ಮೇಲೆ ಅಣಬೆಯಂತೆ ಕೂರುವ ‘ಏಲಿಯಾಸ್’ ಎಂಬ ಟೋಪಿಯನ್ನು ರಚಿಸಿ ಅದರ ನಕ್ಷೆಯನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದರು. ಅದರೊಳಗಿನ ರಾಸ್ಪ್‌ಬೆರಿ ಪೈ, ಸ್ಪೀಕರಿನ ಮೈಕುಗಳಿಗೆ ಸದಾ ಸಣ್ಣ ಗುಜುಗುಜು ಶಬ್ದ ಕೇಳಿಸಿ ಅದನ್ನು ಕಿವುಡಾಗಿಸಿರುತ್ತದೆ. ಮನೆಯವರು ತಾವೇ ಇಟ್ಟ ಹೆಸರಿನಿಂದ ಕರೆದಾಗ ಮಾತ್ರ ಗುಜುಗುಜು ನಿಲ್ಲಿಸಿ, ಅಲೆಕ್ಸಾ ಎಂದು ಪಿಸುಗುಟ್ಟಿ ಎಬ್ಬಿಸುತ್ತದೆ. ಕಲಾಕೃತಿಯಾಗಿ ಇದು ಚಿಕ್ಕದು, ಹೊಸ್ತಿಲಿನ ಹಕ್ಕನ್ನು ಮನೆಯವರಿಗೆ ಮರಳಿಸುವ ಪ್ರಯತ್ನವಾಗಿ ಚಿಕ್ಕದಲ್ಲ.

‘ಲಾರೆನ್’ ರಚನೆಯಾದ 2017ರಲ್ಲೇ ಭಾರತದಲ್ಲಿ ಎರಡು ಘಟನೆಗಳು ಕೆಲವು ವಾರಗಳ ಅಂತರದಲ್ಲಿ ನಡೆದವು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸಲ್ಲಿಸಿದ್ದ ಅರ್ಜಿಯಿಂದ ಹುಟ್ಟಿದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಆಗಸ್ಟ್ 24ರಂದು ಸರ್ವಾನುಮತದಿಂದ ತೀರ್ಪಿತ್ತಿತು. ಆ ಹಕ್ಕಿನ ತಿರುಳಿನಲ್ಲಿ ಮನೆಯನ್ನೂ ಹೆಸರಿಸಿತು. ಅಕ್ಟೋಬರ್‌ನಲ್ಲಿ ಎಕೋ ಸ್ಪೀಕರ್ ಭಾರತದ ಮಾರುಕಟ್ಟೆಗೆ ಬಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಾದರೋ, ವ್ಯಕ್ತಿಯೊಬ್ಬ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ದತ್ತಾಂಶವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಪಶ್ಚಿಮದ ಕೃತಿಗಳು ಕಾಣದ ಒಂದು ಮೂಲೆ ಇಲ್ಲಿದೆ. ‘ಲಾರೆನ್’ನಲ್ಲೂ ‘ಸಮ್‌ಒನ್’ನಲ್ಲೂ ಕ್ಯಾಮೆರಾದ ಕೆಳಗಿರುವವರು ಮನೆಯೊಡೆಯರು, ಕೇಳಿ ಒಪ್ಪಿದವರು. ಇಲ್ಲಿನ ಅಡುಗೆಮನೆಯ ಕ್ಯಾಮೆರಾದ ಕೆಳಗೆ ಬಹಳ ಹೊತ್ತು ಇರುವವರು ಅಡುಗೆಯವರು, ಪಾತ್ರೆ ತೊಳೆಯುವವರು, ಮಗು ನೋಡಿಕೊಳ್ಳುವವರು, ಹಾಸಿಗೆ ಹಿಡಿದ ವೃದ್ಧರ ಆರೈಕೆಯವರು. ಅವರ ಪಾಲಿಗೆ ಅದು ಮನೆಯಲ್ಲ, ಕೆಲಸದ ಜಾಗ; ಪರದೆ ಯಾವ ಕೋಣೆಯಲ್ಲಿದೆ, ಯಾರ ಫೋನಿನಲ್ಲಿದೆ ಎಂಬುದನ್ನು ಕೇಳುವ ಸ್ಥಾನದಲ್ಲೂ ಅವರಿಲ್ಲ. ನೌಮನ್ ಅವರ ಓಣಿಯಲ್ಲಿ ತನ್ನ ಬೆನ್ನನ್ನಷ್ಟೇ ಕಂಡು, ಕ್ಯಾಮೆರಾ ಇಟ್ಟವನನ್ನು ಕಾಣದೆ ನಡೆಯುವವನ ಸ್ಥಿತಿ ಇವರದಕ್ಕೆ ಹೆಚ್ಚು ಹತ್ತಿರ. ಭಾರತದ ಮನೆಯ ಕಣ್ಗಾವಲನ್ನು ಕುರಿತು ಪ್ರತಿಷ್ಠಾಪನೆ ಕಟ್ಟಹೊರಟವರು ನೋಡುಗನನ್ನು ಯಾರ ಜಾಗದಲ್ಲಿ ನಿಲ್ಲಿಸಬೇಕು ಎಂಬುದನ್ನು ಕ್ಯಾಮೆರಾ ಕೊಳ್ಳುವ ಮೊದಲೇ ತೀರ್ಮಾನಿಸಿಕೊಳ್ಳಬೇಕಾಗುತ್ತದೆ.

ಈ ಕೃತಿಗಳಲ್ಲಿ ಉಳಿಯುವುದು ಎಷ್ಟು ಎಂಬುದೂ ಇತಿಹಾಸಕಾರನ ಚಿಂತೆಯಾಗಬೇಕು. ನೌಮನ್ ಅವರ ಓಣಿಗೆ ಬೇಕಾದದ್ದು ಎರಡು ಗೋಡೆ, ಒಂದು ಕ್ಯಾಮೆರಾ, ಎರಡು ಪರದೆ, ಖಾಲಿ ಓಣಿಯ ಒಂದು ಮುದ್ರಿಕೆ. ಆದ್ದರಿಂದ ಅದನ್ನು ಮತ್ತೆ ಮತ್ತೆ ಕಟ್ಟಬಹುದಾಗಿದೆ. ‘ಲೋರ್ನಾ’ ಲೇಸರ್ ಡಿಸ್ಕಿನ ಕಾಲ ಮುಗಿದ ಮೇಲೆ ಡಿವಿಡಿಗೆ ವರ್ಗಾವಣೆಗೊಂಡು ಬದುಕಿತು. ಸ್ಮಾರ್ಟ್ ಹೋಮ್ ಉಪಕರಣಗಳಿಂದ ಕಟ್ಟಿದವುಗಳಿಗೆ ಆ ಭರವಸೆಯಿಲ್ಲ, ಏಕೆಂದರೆ ಅವುಗಳ ಅರ್ಧ ಪ್ರಾಣ ಬೇರೆಯವರ ಸರ್ವರಿನಲ್ಲಿರುತ್ತದೆ. ರಿವಾಲ್ವ್ ಎಂಬ, ಮನೆಯ ಉಪಕರಣಗಳನ್ನು ಒಟ್ಟು ನಿಯಂತ್ರಿಸುವ ಪೆಟ್ಟಿಗೆಯ ಸೇವೆಯನ್ನು ಅದನ್ನು ಕೊಂಡಿದ್ದ ನೆಸ್ಟ್ ಸಂಸ್ಥೆ 2016ರ ಮೇ ತಿಂಗಳಲ್ಲಿ ನಿಲ್ಲಿಸಿದಾಗ, ಕೆಟ್ಟಿರದ ಪೆಟ್ಟಿಗೆಗಳು ಮನೆಮನೆಗಳಲ್ಲಿ ಒಂದೇ ದಿನ ಮೂಕವಾದವು. ‘ಲಾರೆನ್’ ಇಂದು ಗ್ಯಾಲರಿಗಳಲ್ಲಿ ಕಾಣಸಿಗುವುದು ವಿಡಿಯೊ ದಾಖಲೆಯಾಗಿ ಮತ್ತು ಆ ದಿನಗಳನ್ನು ನೆನೆದು ಭಾಗಿಗಳು ಆಡಿದ ಮಾತುಗಳಾಗಿ. ಅದು ನಡೆದ ಮನೆಗಳ ಗೋಡೆಯಿಂದ ಕ್ಯಾಮೆರಾಗಳು ಇಳಿದಿವೆ, ನಲ್ಲಿಗಳನ್ನು ಅಲ್ಲಿಯವರು ಮತ್ತೆ ಕೈಯಿಂದಲೇ ತಿರುಗಿಸುತ್ತಿದ್ದಾರೆ.